ಚಳಿಜ್ವರದ ಸೀಮೆಗೆ ಬಂದ ಡಾಕ್ಟರು

ಶಾಲೆಯ ಚರಿತ್ರೆಯನ್ನು ಅಡಿಗಲ್ಲಿನಿಂದ ಶುರು ಮಾಡುವುದು ವಾಡಿಕೆ. ಇತಿಹಾಸ ಕಲಿಸುವ ನನಗೆ ಅದಕ್ಕೂ ಹಿಂದೆ, 1946ಕ್ಕೆ ಹೋಗಬೇಕೆನಿಸುತ್ತದೆ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಳಿಯಾಳ, ಮುಂಡಗೋಡ, ಸೂಪಾ (ಇಂದಿನ ಜೊಯಿಡಾ) ಎಂದರೆ ಚಳಿಜ್ವರದ ಸೀಮೆ. ಸರ್ಕಾರಿ ನೌಕರರು ಇಲ್ಲಿಗೆ ವರ್ಗವಾದರೆ ಹೆದರುತ್ತಿದ್ದರು.

ಆ ವರ್ಷ ಪ್ರಾಂತದ ಮಲೇರಿಯಾ ವಿಭಾಗ ನಡೆಸುತ್ತಿದ್ದ ಡಾ. ಡಿ. ಕೆ. ವಿಶ್ವನಾಥನ್, ಕೀಟಶಾಸ್ತ್ರಜ್ಞ ಟಿ. ರಾಮಚಂದ್ರ ರಾವ್ ಅವರೊಡನೆ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಡಿ.ಟಿ. ಪ್ರಯೋಗ ಕೈಗೊಂಡರು. ನಮ್ಮ ಕಡೆಯ ಜ್ವರಕ್ಕೆ ಮೂಲ ಅನಾಫಿಲಿಸ್ ಫ್ಲುವಿಯಾಟಿಲಿಸ್ ಎಂಬ ಸೊಳ್ಳೆ. ಅದು ಕೊಳಚೆಯಲ್ಲಲ್ಲ, ಮೆಲ್ಲಗೆ ಹರಿಯುವ ಹಳ್ಳದ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಕಾಡಿನ ಹಳ್ಳಗಳನ್ನೆಲ್ಲ ಮುಚ್ಚಲಾದೀತೇ? ಅದಕ್ಕೇ ಮನೆಯೊಳಗಿನ ಗೋಡೆಗಳಿಗೆ ಔಷಧ ಹೊಡೆಸಿದರು. ರಕ್ತ ಹೀರಿ ಗೋಡೆಗೆ ಕೂತ ಸೊಳ್ಳೆ ಅಲ್ಲೇ ಸಾಯಬೇಕು. ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಬಾತಿದೆಯೇ ಎಂದು ನೋಡಿ ಊರಿನ ಮಲೇರಿಯಾ ಅಳೆಯುತ್ತಿದ್ದ ಕಾಲವದು. ಸಂಶೋಧನೆಯ ಮುಂದಾಳತ್ವವೆಂದರೆ ನನಗೆ ಇದೇ.

ಮೊದಲ ವರ್ಷದ ಫಲಿತಾಂಶವನ್ನು ಇಬ್ಬರೂ 1947ರಲ್ಲಿ ಪ್ರಕಟಿಸಿದರು. ದೇಶದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1953ರಲ್ಲಿ. ರಾವ್ ಮುಂದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

ಎಲ್ಲವೂ ಡಿ.ಡಿ.ಟಿ.ಯಿಂದಲೇ ಆಯಿತೆಂದು ಹೇಳಲಾರೆ. ಕೆಲವು ಜಾತಿಯ ಸೊಳ್ಳೆಗಳು ಆಮೇಲೆ ಅದಕ್ಕೆ ಜಗ್ಗದಾದವು. ಆದರೂ ದಾಂಡೇಲಿಯ ಕಾಗದ ಕಾರ್ಖಾನೆಗೆ ದೂರದೂರಿನ ಸಂಸಾರಗಳು ಬಂದು ನೆಲೆನಿಂತದ್ದು, ನಮ್ಮ ಭಾಗದ ಶಾಲೆಗಳ ಹಾಜರಿ ಪುಸ್ತಕ ದಪ್ಪವಾದದ್ದು ಈ ಪ್ರಯೋಗದ ನಂತರವೇ.