ಬಾಗಿದ ಅಲಗಿಗೆ ತಕ್ಕ ಕಲ್ಲು

ತೋಟದ ಕುಡುಗೋಲು ಮೊಂಡಾಯಿತೆಂದು ಇಟ್ಟಿಗೆಯಾಕಾರದ ಸಾಣೆಕಲ್ಲೊಂದನ್ನು ಕೊಂಡುತಂದವರು ನಿಮ್ಮಲ್ಲಿ ಎಷ್ಟೋ ಮಂದಿ ಇರಬಹುದು. ನೇರವಾದ ಚೂರಿಗೆ ಅದು ಸರಿಯೇ. ಆದರೆ ಅದನ್ನು ಕುಡುಗೋಲಿನ ಒಳಬಾಗಿಗೆ ಉದ್ದುದ್ದವಾಗಿ ತಾಗಿಸಿ ನೋಡಿ: ಕಲ್ಲಿನ ಎರಡು ತುದಿಗಳು ಅಲಗನ್ನು ಮುಟ್ಟುತ್ತವೆ, ನಡುವಣ ಭಾಗ ಮುಟ್ಟುವುದೇ ಇಲ್ಲ. ಹಾಗೆಯೇ ಉಜ್ಜುತ್ತ ಹೋದರೆ ಕಮ್ಮಾರನು ಕಾಯಿಸಿ ಬಡಿದು ಕೊಟ್ಟ ಬಾಗು ಕೆಟ್ಟು, ಅಲ್ಲಲ್ಲಿ ಹಳ್ಳ ಬೀಳುತ್ತದೆ. ನೇರ ಅಲಗು ಕಲ್ಲಿನ ಬಳಿಗೆ ಹೋಗಬಹುದು. ಬಾಗಿದ ಅಲಗಿನ ಬಳಿಗೆ ಕಲ್ಲೇ ಬರಬೇಕು.

ಈ ತೊಡಕು ಬಹು ಹಳೆಯದು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಕೃಷಿಗ್ರಂಥಕಾರ ಕೊಲುಮೆಲ್ಲನು ದ್ರಾಕ್ಷಿಬಳ್ಳಿ ಸವರುವ ಕತ್ತಿಯೊಂದಕ್ಕೇ ಆರು ಭಾಗಗಳನ್ನು ಹೆಸರಿಸುತ್ತಾನೆ. ಹಿಡಿಯ ಬಳಿ ನೇರವಾದ ಅಲಗು, ಅದರ ಮುಂದೆ ಬಾಗು, ಆಮೇಲೆ ಕೊಕ್ಕು, ಮೇಲೆ ಅರ್ಧಚಂದ್ರದಂಥ ಕೊಡಲಿ! ಇಷ್ಟು ಬಗೆಯ ಅಂಚುಗಳನ್ನು ಚಪ್ಪಟೆ ಕಲ್ಲೊಂದು ಹೇಗೆ ಮಸೆದೀತು?

ಕೈಯಲ್ಲಿ ಹಿಡಿವ ಕಲ್ಲೆಂದ ಮೇಲೆ ಅದು ಹೊಲಕ್ಕೂ ಬರಬೇಕು, ಅದಕ್ಕೆ ಬೇಕಾದ ದ್ರವವೂ ಬರಬೇಕು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದಾಗ ಮಡಿದ ಪ್ಲೀನಿಯು ಬರೆದಿಟ್ಟಿರುವುದನ್ನು ಕೇಳಿ. ಹಿಂದೆ ಕ್ರೀಟ್ ಮೊದಲಾದ ಕಡಲಾಚೆಯ ಕಲ್ಲುಗಳೇ ಬಳಕೆಯಲ್ಲಿದ್ದು, ಅವುಗಳಿಗೆ ಎಣ್ಣೆಯಿಲ್ಲದೆ ಆಗುತ್ತಿರಲಿಲ್ಲವಾಗಿ, ಹುಲ್ಲು ಕೊಯ್ಯುವವನು ಎಣ್ಣೆಯ ಕೊಂಬನ್ನು ಕಾಲಿಗೆ ಕಟ್ಟಿಕೊಂಡು ನಡೆಯುತ್ತಿದ್ದನಂತೆ! ಆಮೇಲೆ ಇಟಲಿಯಲ್ಲಿಯೇ ನೀರಿನಿಂದ ಮಸೆಯಬಹುದಾದ ಕಲ್ಲು ದೊರೆಯಿತು. ಆ ಕಾಲದ ಎಷ್ಟೋ ಯುದ್ಧವರ್ಣನೆಗಳಿಗಿಂತ ಈ ಕೊಂಬೊಂದೇ ನನಗೆ ಹೆಚ್ಚು ತಿಳಿಸುತ್ತದೆ.

ನಮ್ಮ ನಾಡಿನಲ್ಲಿ ಸಾಣೆಗೆ ಹೆಸರಾದುದು ಕುರುಂದದ ಕಲ್ಲು. ಅದರ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುವುದು ಇಲ್ಲಿಯ ಕುಶಲಿಗಳಿಗೆ ತಿಳಿದಿತ್ತು. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ, ಇಂಗ್ಲಿಷಿನ ಕೊರಂಡಂ, ಇವು ನೆಂಟ ಪದಗಳು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬಾತನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಏಷ್ಯದ ಈ ಕಲ್ಲನ್ನು ಕುರಿತು ಪ್ರಬಂಧ ಮಂಡಿಸಿದನು. 1812ರಲ್ಲಿ ಮೋಸ್ ಎಂಬ ವಿದ್ವಾಂಸನು ಏರ್ಪಡಿಸಿದ ಕಾಠಿಣ್ಯದ ಮೆಟ್ಟಿಲುಗಳಲ್ಲಿ ವಜ್ರಕ್ಕೆ 10, ಇದಕ್ಕೆ 9.

ಮುಂದಿನದು ಪದಪ್ರಿಯರಿಗೆ ತಮಾಷೆಯಾಗಿದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಮಣ್ಣನ್ನೂ ಕೋಕನ್ನೂ ವಿದ್ಯುತ್ತಿನಿಂದ ಕಾಯಿಸಿದಾಗ ಹೊಳೆವ ಹರಳುಗಳು ದೊರೆತವು. ಕಾರ್ಬನ್ನೂ ಕೊರಂಡಮ್ಮೂ ಕೂಡಿದುದೆಂದು ಬಗೆದು ಕಾರ್ಬೊರಂಡಂ ಎಂದು ಹೆಸರಿಟ್ಟನು. ವಾಸ್ತವವಾಗಿ ಅದು ಸಿಲಿಕನ್ ಮತ್ತು ಕಾರ್ಬನ್ನುಗಳ ಕೂಟ. ಕುರುಂದ ಅದರಲ್ಲಿ ಎಳ್ಳಷ್ಟೂ ಇಲ್ಲ. ವಸ್ತುವಿಲ್ಲದಿದ್ದರೂ ಹೆಸರು ಉಳಿದುಕೊಂಡಿತು.

ಇಂದು ಅಂಗಡಿಯಲ್ಲಿ ಕಪ್ಪಾಗಿ ಕಾಣುವುದು ಬಹುಮಟ್ಟಿಗೆ ಈ ಕೃತಕ ಕಲ್ಲೇ. ಅದು ಬೇಗ ಕೊರೆಯುತ್ತದೆ, ಆದ್ದರಿಂದ ಕೈ ಹಗುರವಾಗಿರಲಿ. ನಡುವೆ ದಪ್ಪನಾಗಿ ಎರಡು ತುದಿಗಳಲ್ಲಿ ಸಣ್ಣಗಾಗುವ ದೋಣಿಯಾಕಾರದ ಕಲ್ಲನ್ನು ಆರಿಸಿ. ಅದರ ದುಂಡುಮೈ ಒಳಬಾಗಿಗೆ ಹೊಂದುತ್ತದೆ. ಬಾಯಿ ಒಡೆದಿದ್ದರೆ ಮೊದಲು ತರಿ, ಆಮೇಲೆ ನಯ. ಬರಿದೆ ಮೊಂಡಾಗಿದ್ದರೆ ನಯದ ಕಲ್ಲೇ ಸಾಕು. ಹಲ್ಲುಳ್ಳ ಕುಡುಗೋಲಿನ ಹಲ್ಲುಗಳಿಗೆ ಇದನ್ನು ಹಿಡಿಯಬೇಡಿ, ಅದನ್ನು ಕಮ್ಮಾರನಿಗೆ ಬಿಡಿ. ನೀರೋ ಎಣ್ಣೆಯೋ ಎಂಬುದನ್ನು ಮಾತ್ರ ಮೊದಲ ದಿನವೇ ತೀರ್ಮಾನಿಸಿಕೊಳ್ಳಿ. ಒಮ್ಮೆ ಎಣ್ಣೆ ಕುಡಿದ ಕಲ್ಲಿಗೆ ಮತ್ತೆ ನೀರು ಹತ್ತುವುದಿಲ್ಲ.