ಕಣದಿಂದ ಬಲಿಪೀಠದವರೆಗೆ: ದಶಾಂಶದ ಚರಿತ್ರೆ



ತಪಸ್ಸುಕಾಲ ಬಂತೆಂದರೆ ನಮ್ಮ ಹುಮನಾಬಾದ್, ಬಸವಕಲ್ಯಾಣದ ಸೀಮೆಯಲ್ಲಿ ಬಿಳಿಜೋಳದ ರಾಶಿಯ ಕಾಲವೂ ಹೌದು. ಧರ್ಮಸಭೆಯು ಉಪವಾಸ, ಪ್ರಾರ್ಥನೆ, ದಾನಧರ್ಮಗಳನ್ನು ನೆನಪಿಸುವ ದಿನಗಳಲ್ಲೇ ರೈತನ ಮನೆಗೆ ಕಾಳು ಬರುತ್ತದೆ. ದುಡಿಮೆಯ ಹತ್ತರಲ್ಲೊಂದು ಪಾಲು ದೇವರದು ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ಪಾಲನ್ನು ಹಿಂದೆ ಯಾರು ಕೊಡುತ್ತಿದ್ದರು, ಅದು ಯಾರಿಗೆ ಸೇರುತ್ತಿತ್ತು ಎಂದು ವಿಚಾರಿಸುವವರು ಕಡಿಮೆ.

ಅಬ್ರಾಮನು ಯುದ್ಧದಿಂದ ಮರಳುವಾಗ ಯಾಜಕನಾದ ಮೆಲ್ಕಿಸದೇಕನಿಗೆ ಎಲ್ಲದರಲ್ಲೂ ದಶಾಂಶ ಕೊಟ್ಟನೆಂದು ಆದಿಕಾಂಡ ಹೇಳುತ್ತದೆ. ಆಗ ಅದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ. ಕಟ್ಟಳೆ ಬಂದದ್ದು ಮೋಶೆಯ ಧರ್ಮಶಾಸ್ತ್ರದಲ್ಲಿ. ಅಲ್ಲಿ ದಶಾಂಶ ಬರುವುದು ಹೊಲದ ಬೆಳೆ, ಮರದ ಹಣ್ಣು, ದನಕುರಿಗಳ ಮೇಲೆ. ಅಂದರೆ ಭೂಮಿ, ಮಂದೆ ಉಳ್ಳವರು ಕೊಡಬೇಕಾದದ್ದು. ಸ್ವಂತ ಭೂಮಿಯಿಲ್ಲದ ಲೇವಿಯರಿಗೆ ಅದು ಜೀವನಾಧಾರ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯ ಓದಿದರೆ ಇನ್ನೂ ಒಂದು ಸಂಗತಿ ತಿಳಿಯುತ್ತದೆ. ದಶಾಂಶವನ್ನು ದೇವಸನ್ನಿಧಿಗೆ ಒಯ್ದು ಮನೆಮಂದಿಯೆಲ್ಲ ಕೂತು ಸಂತೋಷದಿಂದ ಉಣ್ಣಬೇಕಿತ್ತು! ಮೂರನೆಯ ವರ್ಷದ ದಶಾಂಶವನ್ನು ಮಾತ್ರ ಊರಲ್ಲೇ ಕೂಡಿಡಬೇಕು. ಅದು ಲೇವಿಯರಿಗೆ, ಪರದೇಶಿಗೆ, ಅನಾಥರಿಗೆ, ವಿಧವೆಯರಿಗೆ. ಇದಲ್ಲದೆ ಹೊಲದ ಅಂಚನ್ನು ಪೂರ್ತಿ ಕೊಯ್ಯಕೂಡದು, ಬಿದ್ದ ತೆನೆಯನ್ನು ಆರಿಸಕೂಡದು. ಆ ಹಕ್ಕಲು ಬಡವರ ಪಾಲು. ರೂತಳು ಬೋವಜನ ಹೊಲದಲ್ಲಿ ಆಯ್ದದ್ದು ಭಿಕ್ಷೆಯನ್ನಲ್ಲ, ಶಾಸ್ತ್ರವು ಅವಳಿಗೆ ಕೊಟ್ಟ ಹಕ್ಕನ್ನು.

ಹಾಗಾದರೆ ಕೂಲಿ ಮಾಡಿ ಬದುಕುವವನ ಮುಂದೆ ನಿಂತು ದಶಾಂಶ ಕೊಡದಿದ್ದರೆ ಶಾಪ ತಟ್ಟುತ್ತದೆ ಎಂದು ಹೆದರಿಸುವುದು ಸರಿಯೇ? ಮಲಾಕಿಯ ಪ್ರವಾದಿಯ ಮಾತನ್ನು ಹಾಗೆ ಬಳಸುವವರಿದ್ದಾರೆ. ಅದೇ ಅಧ್ಯಾಯದಲ್ಲಿ ಪ್ರವಾದಿಯು ಕೂಲಿಕಾರನ ಸಂಬಳ ಹಿಡಿದಿಟ್ಟುಕೊಂಡವರನ್ನೂ ವಿಧವೆಯನ್ನು ಹಿಂಸಿಸುವವರನ್ನೂ ಖಂಡಿಸುತ್ತಾನೆ. ಆ ವಚನವನ್ನು ಅವರು ದಾಟಿಕೊಂಡು ಹೋಗುತ್ತಾರೆ. ಪುದೀನ, ಜೀರಿಗೆಗಳಲ್ಲೂ ದಶಾಂಶ ಕೊಟ್ಟು ನ್ಯಾಯವನ್ನೂ ಕರುಣೆಯನ್ನೂ ಬಿಟ್ಟ ಫರಿಸಾಯರನ್ನು ಪ್ರಭು ಯೇಸು ಗದರಿಸಿದ್ದನ್ನೂ ನೆನೆಯಬೇಕು.

ಆದಿ ಕ್ರೈಸ್ತರಲ್ಲಿ ದಶಾಂಶದ ಕಡ್ಡಾಯ ಕಾಣುವುದಿಲ್ಲ. ಎರಡನೆಯ ಶತಮಾನದ ಸಂತ ಜಸ್ಟಿನರು ಭಾನುವಾರದ ಆರಾಧನೆಯನ್ನು ವಿವರಿಸುವಾಗ, ಇದ್ದವರು ಮನಸ್ಸು ಬಂದಷ್ಟು ಕೊಡುತ್ತಾರೆ, ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ ಹೋಗುತ್ತದೆ ಎನ್ನುತ್ತಾರೆ. ಮುಂದೆ ಕ್ರಿ.ಶ. 585ರಲ್ಲಿ ಫ್ರಾನ್ಸಿನ ಮಾಕೋನ್ ಸಭೆ ದಶಾಂಶವನ್ನು ಕಡ್ಡಾಯ ಮಾಡಿತು. 779ರಲ್ಲಿ ಶಾರ್ಲಮೇನ್ ಅರಸನು ಅದಕ್ಕೆ ರಾಜಾಜ್ಞೆಯ ಬಲ ಕೊಟ್ಟನು. ಕಾಣಿಕೆಯು ಕಂದಾಯವಾಯಿತು. ಸಾವಿರ ವರ್ಷದ ಬಳಿಕ, 1789ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆ ದಶಾಂಶವನ್ನು ರದ್ದುಮಾಡಲು ನಿರ್ಧರಿಸಿದಾಗ ಅಲ್ಲಿನ ರೈತರು ಅತ್ತಂತೆ ಕಾಣುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಹತ್ತರಲ್ಲೊಂದು ಎಂಬ ಲೆಕ್ಕ ಇಲ್ಲಿಯೂ ಹೊಸದಲ್ಲ. ಕೆರೆ ಕಟ್ಟಿಸಿ ಕಾಪಾಡುವವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಶಾಸನಗಳಲ್ಲಿ 'ದಶವಂದ' ಎಂಬ ಹೆಸರಿದೆ. ಹಳ್ಳಿಯ ಕಣದಲ್ಲಿ ರಾಶಿ ಮುಗಿದಾಗ ಬಡಿಗ, ಕಮ್ಮಾರ, ಅಗಸರಿಗೆ ಆಯ ಸಲ್ಲುತ್ತಿತ್ತು. ಆದರೆ ವರ್ಷವಿಡೀ ದುಡಿದ ದಲಿತರು ಕಣದ ಅಂಚಿನಲ್ಲಿ ದೂರ ನಿಂತು ಬಟ್ಟೆ ಒಡ್ಡಬೇಕಿತ್ತು. ಬೀದರ್ ಜಿಲ್ಲೆಯ ಕ್ರೈಸ್ತರಲ್ಲಿ ಬಹುಪಾಲು ಜನ, ಮೆಥೊಡಿಸ್ಟ್ ಸಭೆಯವರಿರಲಿ, 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಕ್ಷೇತ್ರಕ್ಕೆ ಸೇರಿದ ಕಥೋಲಿಕರಿರಲಿ, ಇಂಥ ಮನೆತನಗಳ ಮಕ್ಕಳು. ಹಾಗೆ ಬಟ್ಟೆ ಒಡ್ಡಿದವರ ಮೊಮ್ಮಗಳು ಇಂದು ಒಂದು ಸೇರು ಜೋಳವನ್ನು ಬಲಿಪೀಠದ ಮುಂದೆ ತಂದಿಡುವುದು ಸಣ್ಣ ವಿಷಯವಲ್ಲ. ಬಡವರಿಂದ ಏನೂ ತೆಗೆದುಕೊಳ್ಳಬೇಡಿ ಎನ್ನುವವರ ಕನಿಕರ ನನಗೆ ಅರ್ಥವಾಗುತ್ತದೆ. ಆದರೆ ಯಾವಾಗಲೂ ಪಡೆಯುವವರಾಗಿಯೇ ಇರಿ ಎಂದಂತೆಯೂ ಆಗುತ್ತದಲ್ಲವೇ?

ಇದನ್ನು ನಮ್ಮ ನೆಲದಲ್ಲೇ ಚೆನ್ನಾಗಿ ತಿಳಿದಿದ್ದವಳು ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಲಕ್ಕಮ್ಮ, ಮಾರಯ್ಯ ದಂಪತಿ ಕಲ್ಯಾಣಕ್ಕೆ ಬಂದರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ಜಂಗಮರಿಗೆ ದಾಸೋಹ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಲಕ್ಕಮ್ಮ ಮೆಚ್ಚಲಿಲ್ಲ. ನಮಗೆ ಇಷ್ಟೊಂದು ಆಸೆ ಏಕೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಹಕ್ಕಲು ಆಯುವವರೇ ಅನ್ನದಾನಿಗಳಾದರು! ಆ ಶರಣೆಯ ದಾರಿ ಬೇರೆ, ನಮ್ಮ ವಿಶ್ವಾಸ ಬೇರೆ, ನಿಜ. ಆದರೂ ದೇವಾಲಯದ ಬೊಕ್ಕಸದ ಎದುರು ಕುಳಿತು ಎರಡು ಚಿಕ್ಕಾಸು ಹಾಕಿದ ಬಡ ವಿಧವೆಯನ್ನು ಶಿಷ್ಯರಿಗೆ ತೋರಿಸಿದ ಪ್ರಭುವು ಲಕ್ಕಮ್ಮನ ಗುಡಿಸಲನ್ನು ಗಮನಿಸದೆ ಹೋಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ.

ಇಂಥ ಕೊಡುಗೆಗೆ ಧರ್ಮಸಭೆಯಲ್ಲಿ ನಮ್ಮ ಹತ್ತಿರದ ಉದಾಹರಣೆಯೂ ಇದೆ. ಕೇರಳದ ಸಂತ ಕುರಿಯಾಕೋಸ್ ಏಲಿಯಾಸ್ ಚಾವರ (1805–1871) ಬಡ ಮಕ್ಕಳನ್ನು ಶಾಲೆಗೆ ಕರೆತರಲು ಮಧ್ಯಾಹ್ನದ ಊಟ ಏರ್ಪಡಿಸಿದರು. ಅದಕ್ಕೆ ಅಕ್ಕಿ ಬಂದದ್ದು ಮನೆಮನೆಯ ತಾಯಂದಿರು ಅಡುಗೆಗೆ ಮುನ್ನ ತೆಗೆದಿಟ್ಟ ಒಂದು ಹಿಡಿಯಿಂದ. ಹತ್ತರಲ್ಲೊಂದೋ, ಇಪ್ಪತ್ತರಲ್ಲೊಂದೋ ಎಂದು ಯಾರೂ ಅಳೆಯಲಿಲ್ಲ.

ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ದಶಾಂಶದ ಅಂಕಿಯನ್ನು ಹೇಳುವುದಿಲ್ಲ. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು, ತಮ್ಮ ಗಳಿಕೆಯಿಂದ ಬಡವರಿಗೆ ಸಹಾಯ ಮಾಡುವುದು ಭಕ್ತರ ಕರ್ತವ್ಯ ಎಂದು 222ನೆಯ ನಿಯಮದಲ್ಲಿದೆ. ಕಾಣಿಕೆ ಬುಟ್ಟಿ ಹಿಡಿಯುವ ನಮ್ಮಂಥವರು ಅದರ ಜೊತೆಗೆ 1287ನೆಯದನ್ನೂ ಓದಬೇಕು: ಭಕ್ತರು ಕೊಟ್ಟದ್ದಕ್ಕೆ ಭಕ್ತರಿಗೆ ಲೆಕ್ಕ ಒಪ್ಪಿಸಬೇಕು. ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಅದನ್ನು ಒಬ್ಬರೇ ನೋಡಿಕೊಳ್ಳಲಿಲ್ಲ; ಯಾರೂ ತಪ್ಪು ಹೊರಿಸದಿರಲೆಂದು ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನು ಕಳುಹಿಸಿದರು. ಈ ಸುಗ್ಗಿಯಲ್ಲಿ ಎಷ್ಟು ಸೇರು ಜೋಳ ಬಂತು, ಅದು ಯಾರ ಮನೆಯ ಒಲೆಯ ಮೇಲೆ ರೊಟ್ಟಿಯಾಯಿತು ಎಂದು ಗುಡಿಯ ಬಾಗಿಲಲ್ಲಿ ಬರೆದು ಹಾಕಲು ಒಂದು ಹಾಳೆ ಸಾಕು. ಮನೆಯ ಹೆಸರು ಬೇಡ, ಲೆಕ್ಕ ಇರಲಿ.