ಅಳಿಯುವ ಕಂಟೇನರ್, ಉಳಿಯಬೇಕಾದ ದತ್ತಾಂಶ

ಜಾಲತಾಣಗಳಲ್ಲಿ ನಾವು ಒತ್ತುವ ಪ್ರತಿ ಕ್ಲಿಕ್ಕನ್ನೂ ಒಡನೆಯೇ ವಿಶ್ಲೇಷಿಸಲು ರಷ್ಯಾದ ಯಾಂಡೆಕ್ಸ್ ಸಂಸ್ಥೆ ರೂಪಿಸಿದ ದತ್ತಸಂಚಯವೇ ಕ್ಲಿಕ್‌ಹೌಸ್. ಅದು 2016ರಲ್ಲಿ ಮುಕ್ತ ತಂತ್ರಾಂಶವಾಯಿತು. ದತ್ತಾಂಶವನ್ನು ಕಂಬಸಾಲುಗಳಾಗಿ ಸಂಗ್ರಹಿಸಿ, ಪ್ರಶ್ನೆಗೆ ಬೇಕಾದವನ್ನಷ್ಟೇ ಓದುವುದರಿಂದ ಅದಕ್ಕೆ ಅಷ್ಟು ವೇಗ.

ಇಂಥದನ್ನು ಕ್ಯುಬರ್ನೆಟೀಸ್‌ನಲ್ಲಿ ಹೂಡುವುದು ಸುಲಭವಾಗಿರಲಿಲ್ಲ. ಏಕೆಂದು ನೋಡಿ. ಗೂಗಲ್ 2014ರಲ್ಲಿ ಪ್ರಕಟಿಸಿದ ಈ ವ್ಯವಸ್ಥೆ, ತಂತ್ರಾಂಶವನ್ನು ಅದರ ಪರಿಕರಗಳೊಡನೆ ಕಟ್ಟಿಟ್ಟ ಕಂಟೇನರುಗಳನ್ನು ಹಲವು ಕಂಪ್ಯೂಟರುಗಳಲ್ಲಿ ನಡೆಸುತ್ತದೆ. ಒಂದು ಕೆಟ್ಟರೆ ತೆಗೆದುಹಾಕಿ ಮತ್ತೊಂದನ್ನು ಹೂಡುತ್ತದೆ. ಆಗ ಹಳೆಯದರೊಳಗೆ ಬರೆದ ದತ್ತಾಂಶವೂ ಅಳಿಯುತ್ತದೆ!

2016ರಲ್ಲಿ 'ಪೆಟ್‌ಸೆಟ್' ಎಂದು ಬಂದು, ವರ್ಷಾಂತ್ಯಕ್ಕೆ 'ಸ್ಟೇಟ್‌ಫುಲ್‌ಸೆಟ್' ಎನಿಸಿಕೊಂಡ ಏರ್ಪಾಡು ಇದಕ್ಕೆ ಪರಿಹಾರ ನೀಡಿತು. ಇಲ್ಲಿ ಪ್ರತಿ ಘಟಕಕ್ಕೂ ಸ್ಥಿರವಾದ ಹೆಸರು, ತನ್ನದೇ ಡಿಸ್ಕ್. ಬದಲಿಗೆ ಬಂದದ್ದು ಅದೇ ಹೆಸರಿನಲ್ಲಿ ಅದೇ ಡಿಸ್ಕಿಗೆ ಜೋಡಣೆಯಾಗುತ್ತದೆ.

ಡಿಸ್ಕೇ ಕೆಟ್ಟರೆ? ಹೆಸರು ಉಳಿದೀತು, ದತ್ತಾಂಶ ಉಳಿಯದು. ಆದ್ದರಿಂದಲೇ ಇನ್ನೊಂದು ಕಂಪ್ಯೂಟರಿನಲ್ಲಿ ಅದರ ಪ್ರತಿ ಇರಲೇಬೇಕು.